ಗುಣ ಇರುವ ಜಾಗ

ಕಲಬುರಗಿಯ ನೆಹರು ಗಂಜಿಗೆ ಬರುವ ತೊಗರಿ ಬೇಳೆಯಾಗಬೇಕಾದರೆ ಸಿಪ್ಪೆ ಕಳಚಬೇಕು. ಅದು ಸುಲಭಕ್ಕೆ ಕಳಚುವಂಥದ್ದಲ್ಲ. ಸಿಪ್ಪೆಗೂ ಬೇಳೆಗೂ ನಡುವೆ ತೆಳುವಾದ ಅಂಟಿನ ಪದರವಿದೆ. ಅದಕ್ಕೇ ದಾಲ್ ಮಿಲ್ಲಿನಲ್ಲಿ ಮೊದಲು ಎಮರಿ ರೋಲರಿನಿಂದ ಕಾಳಿನ ಮೈಗೆ ಗೀರು ಹಾಕುತ್ತಾರೆ, ಎಣ್ಣೆ ಸವರಿ ರಾಶಿ ಹಾಕಿ ಬಿಡುತ್ತಾರೆ, ಒಣಗಿಸಿ ನೀರು ಚಿಮುಕಿಸುತ್ತಾರೆ. ಎಣ್ಣೆ ಗೀರುಗಳಲ್ಲಿ ಇಳಿದು ಅಂಟು ಸಡಿಲವಾಗುವ ತನಕ ಕಾಯಲೇಬೇಕು. ದೇಹವನ್ನು ಸಿಪ್ಪೆ, ಆತ್ಮವನ್ನು ತಿರುಳು ಎನ್ನುವ ಪ್ರವಚನಗಳು ಈ ಅಂಟನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. 2019ರಲ್ಲಿ ಜಿಐ ಟ್ಯಾಗ್ ಪಡೆದ ಈ ಬೇಳೆ ದರ್ಶನದ ಹಳೆಯ ಪ್ರಶ್ನೆಯೊಂದನ್ನು ಎತ್ತುತ್ತದೆ: ಗುಣ ಇರುವುದು ವಸ್ತುವಿನೊಳಗೋ, ವಸ್ತುಗಳ ನಡುವೆಯೋ? ಕೆಲವು ಗುಣಗಳಾದರೂ ನಡುವೆಯೇ ಇವೆ, ವಸ್ತುವಿನಷ್ಟೇ ನಿಜವಾಗಿ ಇವೆ ಎಂಬುದು ನನ್ನ ವಾದ.

ಉದಾಹರಣೆಗೆ, ನೀರಿನ ಹನಿ ಶುಭ್ರವಾದ ಗಾಜಿನ ಮೇಲೆ ಹರಡಿಕೊಳ್ಳುತ್ತದೆ, ಮೇಣದ ಮೇಲೆ ಸುಮಾರು 110 ಡಿಗ್ರಿ ಕೋನದಲ್ಲಿ ಗುಂಡಗೆ ನಿಲ್ಲುತ್ತದೆ. ಆ ಕೋನ ಯಾರದು? 1805ರಲ್ಲಿ ಥಾಮಸ್ ಯಂಗ್ ವಿವರಿಸಿದಂತೆ ಅದು ನೀರು, ಮೇಣ, ಗಾಳಿ ಈ ಮೂರರ ನಡುವಿನ ಎಳೆತಗಳ ಸಮತೋಲ. ಗಾಳಿಯ ಜಾಗದಲ್ಲಿ ಎಣ್ಣೆ ತುಂಬಿ. ನೀರೂ ಅದೇ, ಮೇಣವೂ ಅದೇ, ಕೋನ ಮಾತ್ರ ಬೇರೆ. ರಂಧ್ರಗಳಿರುವ ವಸ್ತುವಿನೊಳಗೆ ದ್ರವ ಎಷ್ಟು ಬೇಗ ಇಳಿಯುತ್ತದೆ ಎಂಬ ವಿಜ್ಞಾನಿ ವಾಶ್‌ಬರ್ನರ 1921ರ ಸೂತ್ರದಲ್ಲೂ ರಂಧ್ರದ ಅಗಲದ ಜೊತೆಗೆ ಈ ಕೋನ ಇದ್ದೇ ಇದೆ.

ಈ ಕೋನ ಉಪಕರಣ ಕೊಟ್ಟ ಅಂಕಿಯಷ್ಟೇ, ಹನಿ ಮುಂದೆ ಸರಿಯುವಾಗ ಒಂದು ಕೋನ, ಹಿಂದೆ ಸರಿಯುವಾಗ ಇನ್ನೊಂದು ಎಂದು ಆಕ್ಷೇಪಿಸಬಹುದು. ಆದರೆ ಆ ಅಂತರವನ್ನು ಅಳತೆಯ ದೋಷ ಎಂದು ತಳ್ಳಿಹಾಕುವಂತಿಲ್ಲ. ಮೈಯ ಒರಟುತನ, ಅಂಟಿದ ಕೊಳೆ ಅದರಲ್ಲಿ ದಾಖಲಾಗಿರುತ್ತವೆ. ಹೆಚ್ಚು ಗಟ್ಟಿಯಾದ ಆಕ್ಷೇಪ ವೈಶೇಷಿಕ ದರ್ಶನದವರದು: ಗುಣಕ್ಕೆ ದ್ರವ್ಯವೇ ಆಶ್ರಯ, ಸಂಯೋಗವೂ ಕೂಡಿದ ಎರಡು ದ್ರವ್ಯಗಳಲ್ಲಿ ನೆಲೆಸಿದ ಗುಣ. ಹಾಗಿದ್ದರೆ ಆ ಎರಡನ್ನೂ ಮುಟ್ಟದೆ ಮೂರನೆಯದನ್ನು ಬದಲಿಸಿದಾಗ ಕೋನವೇಕೆ ಬದಲಾಗಬೇಕು?  ಬೌದ್ಧ ದಾರ್ಶನಿಕ ನಾಗಾರ್ಜುನ ಮೂಲಮಧ್ಯಮಕಕಾರಿಕೆಯ 14ನೆಯ ಪ್ರಕರಣವನ್ನು ಸಂಸರ್ಗದ, ಅಂದರೆ ಕೂಡುವಿಕೆಯ, ಪರೀಕ್ಷೆಗೇ ಮೀಸಲಿಟ್ಟು, ಅದಕ್ಕೆ ಸ್ವಂತ ಸ್ವಭಾವವಿಲ್ಲ ಎಂದ. ಅದು ಸರಿ. ಆದರೆ ಸ್ವಭಾವವಿಲ್ಲ ಎಂದರೆ ಏನೂ ಇಲ್ಲ ಎಂದು ಓದುವವರನ್ನು ಒಪ್ಪಲಾರೆ. ಅವನೂ ಹಾಗೆ ಹೇಳಿಲ್ಲ. ನಡುವಿನದು ನಿಜ ಎಂಬುದಕ್ಕೆ ಅದು ಕೇಳುವ ಖರ್ಚೇ ಸಾಕ್ಷಿ: 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿಗೆ ಒಂದು ಚದರ ಮೀಟರ್ ಹೊಸ ಮೈ ಕೊಡಲು ಸುಮಾರು 72 ಮಿಲಿಜೂಲ್ ಶಕ್ತಿ ಬೇಕು. ಎಣ್ಣೆಯನ್ನು ನೀರಿನಲ್ಲಿ ಸಣ್ಣ ಹನಿಗಳಾಗಿ ಒಡೆಯಲು ಕಡೆಯಲೇಬೇಕಾಗುವುದೂ ಇದಕ್ಕೇ. ಕಡೆಯುವುದನ್ನು ನಿಲ್ಲಿಸಿದರೆ ಹನಿಗಳು ಒಂದಕ್ಕೊಂದು ಕೂಡಿಕೊಂಡು ಆ ಖರ್ಚನ್ನು ಇಳಿಸಿಕೊಳ್ಳುತ್ತವೆ.