ಸಲ್ಲಬೇಕಾದ್ದು ಸಂದ ಮೇಲೆ

ಬಹುಮಾನ ಬೇಡವೆಂದವರನ್ನು ನಾವು ದೊಡ್ಡವರೆಂದು ಕೊಂಡಾಡುತ್ತೇವೆ. ಬೇಕೆಂದು ಬಾಯಿಬಿಟ್ಟು ಕೇಳಿದವರನ್ನು ಆಸೆಬುರುಕರೆನ್ನುತ್ತೇವೆ. ಎರಡರಲ್ಲೂ ನಾವು ತೂಗುವುದು ಪಡೆಯುವವರ ಗುಣವನ್ನು. ಕೊಡುವವರು ಏನು ಕೊಡುತ್ತಿದ್ದಾರೆ, ಯಾವುದನ್ನು ಉಳಿಸಿಕೊಂಡು ಕೊಡುತ್ತಿದ್ದಾರೆ ಎಂದು ವಿಚಾರಿಸುವುದೇ ಇಲ್ಲ. ಬಹುಮಾನದ ಯೋಗ್ಯತೆಯನ್ನು ಕೊಡುವ ಕೈಯ ಕಡೆಯಿಂದ ನೋಡಬೇಕು ಎಂಬುದು ನನ್ನ ವಾದ. ದುಡಿದವರಿಗೆ ಸಲ್ಲಬೇಕಾದ್ದು ಸಂದ ಮೇಲೆ ಕೊಟ್ಟದ್ದು ಬಹುಮಾನ. ಅದು ಸಲ್ಲುವ ಮೊದಲೇ ಅದರ ಜಾಗದಲ್ಲಿ ಇಟ್ಟದ್ದು ಎಷ್ಟೇ ಹೊಳೆದರೂ ಬಾಕಿಯೇ.

ಈ ಮಾತಿಗೆ ನನಗೆ ಸಿಕ್ಕ ಅತ್ಯಂತ ಹಳೆಯ ಆಧಾರ ಒಂದು ಕಲ್ಲು. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿದ್ದ ಅದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಾಲ ಸುಮಾರು ಕ್ರಿ.ಶ. 949-50. ತಕ್ಕೋಲದ ಕಾಳಗದಲ್ಲಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ರಾಷ್ಟ್ರಕೂಟ ಮುಮ್ಮಡಿ ಕೃಷ್ಣ ಅದಕ್ಕೆ ಮೆಚ್ಚಿ ಬನವಾಸಿ, ಬೆಳ್ವೊಲ, ಪುರಿಗೆರೆ, ಕಿಸುಕಾಡು, ಬಾಗೆನಾಡುಗಳನ್ನು ಬೂತುಗನಿಗೆ ಕೊಟ್ಟ. ನಾಡುಗಳನ್ನು ಹೀಗೆ ಕೊಡುವುದರಲ್ಲಿ ಮೆಚ್ಚುಗೆಯಷ್ಟೇ ರಾಜಕಾರಣವೂ ಇರುತ್ತದೆ. ಬಲವಾದ ಮಿತ್ರನನ್ನು ಕೈಬಿಟ್ಟುಹೋಗದಂತೆ ಹಿಡಿದುಕೊಳ್ಳುವ ಜಾಣತನ ಅದು. ಆದರೆ ಅದೇ ಕಲ್ಲಿನಲ್ಲಿ ಇನ್ನೊಂದು ಕೊಡುಗೆಯ ಕಥೆಯಿದೆ. ಬೂತುಗನ ಮುಂದೆ ನಿಂತು ಕಾದಿದವನು ಮಣಲೆರ. ಏನು ಬೇಕೋ ಬೇಡಿಕೋ ಎಂದು ಒಡೆಯ ಹೇಳಿದಾಗ ಅವನು ಬೇಡಿದ್ದು ಬೂತುಗನ ಬೇಟೆನಾಯಿ ಕಾಳಿಯನ್ನು.

ಒಡೆಯನಿಗೆ ಪ್ರಿಯವಾದದ್ದನ್ನೇ ಅವನು ಕೇಳಿದ, ಬೂತುಗ ಕೊಟ್ಟ. ಜೊತೆಗೆ ಆತಕೂರು ಹನ್ನೆರಡನ್ನೂ ಬೆಳ್ವೊಲದ ಒಂದು ಊರನ್ನೂ ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದು ಕೊಡುವ ವೀರನ ಕೊಡುಗೆಯಾಗಿ, ಬರೆಸಿಕೊಟ್ಟ. ಮಣಲೆರನ ಬದುಕಿಗೆ ಊರಿನ ಆದಾಯವಾಯಿತು, ಮನಸ್ಸಿಗೆ ನಾಯಿ ಸಿಕ್ಕಿತು. ಊರಿಲ್ಲದೆ ನಾಯಿ ಮಾತ್ರ ಬಂದಿದ್ದರೆ ಇವತ್ತು ನಾವು ಮಣಲೆರನ ನಿರ್ಮೋಹವನ್ನು ಹೊಗಳುತ್ತಿದ್ದೆವೇನೋ. ಬೂತುಗನ ಜಿಪುಣತನ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಬೆಳತೂರಿನ ಪಡುವಣ ಕಲ್ಲುಗುಡ್ಡದಲ್ಲಿ ದೊಡ್ಡದೊಂದು ಹಂದಿಯ ಮೇಲೆ ಕಾಳಿಯನ್ನು ಬಿಟ್ಟರು. ನಾಯಿ, ಹಂದಿ ಎರಡೂ ಕಾದಾಡಿ ಒಟ್ಟಿಗೆ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಈ ಕಲ್ಲು ನಿಂತಿತು. ಕಲ್ಲಿಗೆಂದು ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟರು. ಕಲ್ಲನ್ನು ಪೂಜಿಸದೆ ಉಣ್ಣುವ ಗೊರವನಿಗೆ, ಅಂದರೆ ಗುಡಿಯ ಶೈವ ಪೂಜಾರಿಗೆ, ಆ ನಾಯಿಯ ಪಾಪ ತಟ್ಟಲಿ ಎಂದೂ ಬರೆಸಿದರು. ಕಾಳಿಗೆ ಕೀರ್ತಿಯ ಆಸೆಯಿರಲಿಲ್ಲ, ಓದು ಬರುತ್ತಿರಲಿಲ್ಲ, ಕಲ್ಲು ನಿಲ್ಲುವ ಹೊತ್ತಿಗೆ ಜೀವವೂ ಇರಲಿಲ್ಲ. ಹಾಗಿದ್ದೂ ಅದಕ್ಕೊಂದು ಋಣ ಸಲ್ಲಬೇಕೆಂದು ಬದುಕಿದ್ದವರಿಗೆ ಅನ್ನಿಸಿತು. ಆ ಅನಿಸಿಕೆಗೆ ಅವರು ತಮ್ಮ ಗದ್ದೆಯಿಂದ ಬೆಲೆ ತೆತ್ತರು. ವರ್ಷವರ್ಷವೂ ಕೊಡುವವರ ಕೈಯಿಂದಲೇ ಖರ್ಚು ಬೇಡುವ ಮೆಚ್ಚುಗೆ ಇದು. ಮೆಚ್ಚುಗೆ ನಿಜವೋ ಅಲ್ಲವೋ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ನನಗೆ ಕಾಣದು.

ಕೆಲಸ ಮಾಡಿಸುವುದಕ್ಕಾಗಿ ಮೊದಲೇ ತೋರಿಸುವ ಬಹುಮಾನದ ದಾರಿ ಬೇರೆ. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮನೋವಿಜ್ಞಾನಿಗಳು ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರದಲ್ಲಿ ಮಾಡಿ 1973ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದದ್ದು. ಚಿತ್ರ ಬರೆಯಲು ಇಷ್ಟಪಡುತ್ತಿದ್ದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ರಿಬ್ಬನ್ ಹಚ್ಚಿದ ಪ್ರಮಾಣಪತ್ರ ಕೊಡುತ್ತೇವೆಂದು ಮೊದಲೇ ಹೇಳಿದರು. ಮುಂದೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಬಣ್ಣದ ಪೆನ್ನು ಮುಟ್ಟುವುದು ಕಡಿಮೆಯಾಯಿತು. ಹೇಳದೆ ಕೇಳದೆ ಕೊನೆಯಲ್ಲಿ ಅದೇ ಪತ್ರ ಪಡೆದ ಮಕ್ಕಳ ಉತ್ಸಾಹ ಕುಂದಲಿಲ್ಲ. ಪತ್ರ ಒಂದೇ, ರಿಬ್ಬನ್ ಒಂದೇ. ಮೊದಲನೆಯದು ಮಗುವಿನ ಖುಷಿಯನ್ನು ಕೊಂಡುಕೊಂಡಿತು, ಎರಡನೆಯದು ಅದನ್ನು ಗುರುತಿಸಿತು.

ಇಲ್ಲಿ ಒಂದು ಅಪಾಯವಿದೆ. ಬಹುಮಾನದ ಆಸೆ ಕೆಲಸದ ಸುಖವನ್ನು ಕೆಡಿಸುತ್ತದೆ ಎಂಬ ಮಾತನ್ನು ಸಂಬಳ ಕೇಳುವವರ ಬಾಯಿಗೆ ಬೀಗವಾಗಿ ಬಳಸುವವರು ಬಹಳ. ಫಲದ ಮೇಲೆ ಹಕ್ಕಿಟ್ಟುಕೊಳ್ಳಬೇಡ ಎಂಬ ಗೀತೆಯ ಉಪದೇಶವೂ ಹೀಗೆ ದುರುಪಯೋಗವಾಗಿದೆ. ಅದು ಒಬ್ಬ ತನಗೆ ತಾನೇ ಹೇಳಿಕೊಳ್ಳಬಹುದಾದ ಮಾತು. ಯಜಮಾನ ಆಳಿಗೆ ಹೇಳಿದರೆ ಶುದ್ಧ ಅನ್ಯಾಯ. ಶರಣ ಪರಂಪರೆಯ ಕಥೆಯೊಂದರಲ್ಲಿ, ಅಕ್ಕಿ ಆಯುವ ಕಾಯಕದ ಮಾರಯ್ಯ ಅಂದಿನ ಕಾಯಕಕ್ಕೆ ಮೀರಿ ಅಕ್ಕಿ ಆಯ್ದು ತಂದಾಗ ಹಿಂದಿರುಗಿಸಿ ಬಾ ಎಂದು ಕಳಿಸಿದವಳು ಅವನ ಹೆಂಡತಿ ಲಕ್ಕಮ್ಮ, ಅಕ್ಕಿ ಕೊಡುವ ಕಡೆಯ ಬಸವಣ್ಣನಲ್ಲ. ಅಂದಂದಿನ ಅಕ್ಕಿ ತಪ್ಪದೆ ಸಿಗುತ್ತಿದ್ದವಳಿಗೆ ಹೆಚ್ಚಿನದನ್ನು ನಿರಾಕರಿಸುವ ಅಧಿಕಾರವಿತ್ತು. ಅವಳ ಪರವಾಗಿ ಇನ್ನೊಬ್ಬರು ನಿರಾಕರಿಸಿಬಿಟ್ಟರೆ ಅದಕ್ಕೆ ವೈರಾಗ್ಯವೆಂಬ ಹೆಸರು ಹೇಗೆ ಒಪ್ಪುತ್ತದೆ?

ನಮ್ಮ ಕಣ್ಣೆದುರಿಗೇ ನಡೆಯುತ್ತಿರುವುದನ್ನು ನೋಡಿ. 2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಊರೂರಿಗೆ ಆಶಾ ಕಾರ್ಯಕರ್ತೆಯರನ್ನು ಕೊಟ್ಟಿತು. ಗರ್ಭಿಣಿಯ ಹೆಸರು ನೋಂದಾಯಿಸುವುದು, ನೋವು ಶುರುವಾದರೆ ನಡುರಾತ್ರಿಯಲ್ಲೂ ಆಸ್ಪತ್ರೆಗೆ ಜೊತೆ ಹೋಗುವುದು, ಬಾಣಂತಿಯ ಮನೆಗೆ ಮತ್ತೆ ಮತ್ತೆ ಭೇಟಿ, ಲಸಿಕೆ, ಸಮೀಕ್ಷೆ. ಕಾಗದದಲ್ಲಿ ಇವರು ನೌಕರರಲ್ಲ, ಸ್ವಯಂಸೇವಕಿಯರು. ಕೈಗೆ ಬರುವುದು ಗೌರವಧನ, ಮಾಡಿದ ಒಂದೊಂದು ಕೆಲಸಕ್ಕೂ ಇಷ್ಟಿಷ್ಟೆಂದು ಪ್ರೋತ್ಸಾಹಧನ. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಸರಿಯಾಗಿ ದಾಖಲಾಗದೆ ಹಣ ಕೈತಪ್ಪುತ್ತದೆ ಎಂಬುದು ಅವರ ಹಳೆಯ ದೂರು. ಕೋವಿಡ್ ಕಾಲದಲ್ಲಿ ಅವರ ಮೇಲೆ ಹೂ ಎರಚಿದೆವು, ಚಪ್ಪಾಳೆ ತಟ್ಟಿದೆವು. 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವರಿಗೆ ಜಾಗತಿಕ ಆರೋಗ್ಯ ನಾಯಕರ ಪ್ರಶಸ್ತಿ ಕೊಟ್ಟಿತು. ದೇಶದ ಹತ್ತು ಲಕ್ಷಕ್ಕೂ ಹೆಚ್ಚು ಹೆಂಗಸರಿಗೆ ಸಂದ ಆ ಗೌರವ ದೊಡ್ಡದೇ, ಅರ್ಹವೇ.

2025ರ ಜನವರಿಯಲ್ಲಿ ಕರ್ನಾಟಕದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಅಹೋರಾತ್ರಿ ಕೂತು ಕೇಳಿದ್ದು ಇನ್ನೊಂದು ಪ್ರಶಸ್ತಿಯನ್ನಲ್ಲ, ತಿಂಗಳಿಗೆ ಇಷ್ಟೆಂಬ ನಿಶ್ಚಿತ ದುಡ್ಡನ್ನು. ಸೇವೆಗೆ ಬೆಲೆ ಕಟ್ಟಲಾದೀತೇ ಎಂದು ವೇದಿಕೆಯ ಮೇಲೆ ಕೇಳುವವರಿಗೆ ನನ್ನ ಉತ್ತರ ನೇರವಾದದ್ದು: ಕಟ್ಟಲಾದೀತು, ಕಟ್ಟಲೇಬೇಕು. ರಾತ್ರಿ ಎರಡು ಗಂಟೆಗೆ ಗರ್ಭಿಣಿಯ ಕೈಹಿಡಿದು ಆಂಬುಲೆನ್ಸ್ ಹತ್ತುವವಳ ಮನೆಗೂ ಅಕ್ಕಿ, ಎಣ್ಣೆ, ಮಕ್ಕಳ ಶಾಲೆಯ ಫೀಸು ಬೇಕು. ಸರ್ಕಾರ ಅವಳನ್ನು ಮೊದಲು ನೌಕರಳೆಂದು ಬರೆದುಕೊಳ್ಳಲಿ, ತಿಂಗಳ ಮೊದಲ ವಾರ ಸಂಬಳ ಹಾಕಲಿ. ಶಾಲು, ಹಾರ, ಫಲಕಗಳನ್ನು ಆಮೇಲೆ ತರಲಿ. ಬೇಕೋ ಬೇಡವೋ ಅವಳೇ ಹೇಳುತ್ತಾಳೆ.