ದುರಸ್ತಿಯೂ ಒಂದು ನಿಯಮ



ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವದಲ್ಲಿ ನಾವು ಏಕಾಶನ, ಉಪವಾಸಗಳನ್ನು ಆಚರಿಸುತ್ತೇವೆ. ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯವನ್ನು ಚಿಂತಿಸುತ್ತೇವೆ. ಪಾರಣೆಯಾದ ಕೆಲವೇ ವಾರಗಳಲ್ಲಿ ದಸರೆ, ದೀಪಾವಳಿಗಳ ರಿಯಾಯಿತಿ ಮಾರಾಟ ಬರುತ್ತದೆ. ಆಗ ಅಡುಗೆಮನೆಯ ಮಿಕ್ಸರು ಕೆಟ್ಟು ನಿಂತರೆ, ‘ಹಳೆಯದಾಯಿತು, ಹೊಸದನ್ನೇ ತರೋಣ’ ಎಂಬ ಮಾತು ಸಹಜವಾಗಿ ಹೊರಡುತ್ತದೆ. ಹತ್ತು ದಿನ ಹಸಿವನ್ನು ಗೆದ್ದವರು ಈ ಆಸೆಯನ್ನು ಗೆಲ್ಲಬಲ್ಲರೇ? ವ್ರತದ ನಿಜವಾದ ಪರೀಕ್ಷೆ ಇಲ್ಲಿದೆ.

ಶ್ರಾವಕನ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ. ಮುನಿಗಳು ಸರ್ವವನ್ನೂ ತ್ಯಜಿಸುವರು. ಗೃಹಸ್ಥನು ಮಿತಿಯನ್ನು ಕಟ್ಟಿಕೊಳ್ಳುವನು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನಲ್ಲಲ್ಲ, ಮೂರ್ಛೆಯಲ್ಲಿ, ಎಂದರೆ ಮಮತ್ವದಲ್ಲಿ ಗುರುತಿಸಿದ್ದಾರೆ. ಹಳೆಯದನ್ನು ಕೊಟ್ಟು ಹೊಸದನ್ನು ತಂದರೆ ಎಣಿಕೆ ಮೀರುವುದಿಲ್ಲ, ನಿಜ. ಆದರೆ ಹೊಸತನದ ಮೇಲಣ ಮೂರ್ಛೆ ಬೆಳೆಯುತ್ತದೆ.

ಇನ್ನು ಹಿಂಸೆಯ ವಿಚಾರ. ಮಿಕ್ಸರಿನ ಮೋಟಾರಿನಲ್ಲಿ ಕಬ್ಬಿಣವಿದೆ, ತಾಮ್ರದ ತಂತಿಯಿದೆ. ಇವುಗಳಿಗಾಗಿ ಭೂಮಿಯನ್ನು ಅಗೆದು ಅದಿರನ್ನು ಬೆಂಕಿಯಲ್ಲಿ ಕರಗಿಸಬೇಕು. ಪೃಥ್ವೀಕಾಯ, ತೇಜಸ್ಕಾಯ ಜೀವಗಳ ಘಾತವಿಲ್ಲದೆ ಇದಾಗದು. ಪ್ರಯೋಜನವಿಲ್ಲದೆ ಭೂಮಿಯನ್ನು ಅಗೆಯುವುದು, ಬೆಂಕಿ ಹೊತ್ತಿಸುವುದು ಪ್ರಮಾದಚರ್ಯೆಯೆಂಬ ಅನರ್ಥದಂಡವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ತಿಳಿಸಿದ್ದಾರೆ. ಅನೇಕ ವೇಳೆ ಕೆಟ್ಟಿರುವುದು ಸವೆದ ಕಾರ್ಬನ್ ಬ್ರಷ್ ಅಥವಾ ಜಾರಿನಡಿಯ ಕಪ್ಲರ್ ಮಾತ್ರ. ಕೆಲವೊಮ್ಮೆ ಭಾರ ಹೆಚ್ಚಾಗಿ ಯಂತ್ರವು ತಾನೇ ನಿಂತಿರುತ್ತದೆ; ತಣಿದ ಮೇಲೆ ಅಡಿಯ ಗುಂಡಿಯನ್ನೊತ್ತಿದರೆ ಮತ್ತೆ ನಡೆಯುತ್ತದೆ. ಇಷ್ಟಕ್ಕಾಗಿ ಇಡೀ ಯಂತ್ರವನ್ನು ಬಿಸುಡುವುದು ಅನರ್ಥವಲ್ಲವೇ? 2022ರಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ವಿದ್ಯುತ್ ಉಪಕರಣಗಳ ಕಸ ಉಂಟಾಯಿತೆಂದೂ, ಕ್ರಮವಾಗಿ ಸಂಸ್ಕರಿಸಲ್ಪಟ್ಟುದು ಅದರ ಕಾಲುಭಾಗಕ್ಕೂ ಕಡಿಮೆಯೆಂದೂ ವಿಶ್ವಸಂಸ್ಥೆಯ 2024ರ ವರದಿ ಹೇಳುತ್ತದೆ.

ಶಂಕೆ: ಹಳೆಯ ವಸ್ತುವನ್ನು ಬಿಡದಿರುವುದೂ ಮೋಹವಲ್ಲವೇ?

ಸಮಾಧಾನ: ಅಹುದು. ಬಳಸದ, ದುರಸ್ತಿಯಾಗದ ವಸ್ತುಗಳನ್ನು ಅಟ್ಟದಲ್ಲಿ ಪೇರಿಸಿಡುವುದೂ ಪರಿಗ್ರಹವೇ. ತಂತಿಯ ಹೊದಿಕೆ ಹರಿದು ವಿದ್ಯುತ್ತು ತಾಗುವ ಯಂತ್ರವನ್ನು ಮನೆಯವರ ಕೈಗೆ ಕೊಡುವುದು ಮಿತವ್ಯಯವಲ್ಲ, ಪ್ರಮಾದ. ಸರಿಪಡಿಸಲಾಗುವುದನ್ನು ಸರಿಪಡಿಸಬೇಕು, ಆಗದುದನ್ನು ಮಮತೆಯಿಲ್ಲದೆ ಸಂಸ್ಕರಣೆಗೆ ಕಳುಹಿಸಬೇಕು. ಎರಡರಲ್ಲಿಯೂ ಬೇಕಾದುದು ವಿವೇಕ.

ಆದುದರಿಂದ ಶ್ರಾವಕ ಶ್ರಾವಿಕೆಯರು ಒಂದು ವರ್ಷದ ಅವಧಿಗೆ ಈ ನಿಯಮವನ್ನು ಸ್ವೀಕರಿಸಬಹುದು: ಕೆಟ್ಟ ಉಪಕರಣವನ್ನು ಮೊದಲು ದುರಸ್ತಿಗಾರನಿಗೆ ತೋರಿಸದೆ ಹೊಸದನ್ನು ಕೊಳ್ಳುವುದಿಲ್ಲ, ಉಳಿದ ಹಣದಲ್ಲಿ ಒಂದು ಪಾಲನ್ನು ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ಚತುರ್ವಿಧ ದಾನಕ್ಕೆ ಸಲ್ಲಿಸುತ್ತೇನೆ. ಇದರಿಂದ ಕೈಕಸುಬಿನವನ ಒಲೆಯೂ ಉರಿಯುವುದು, ನಮ್ಮ ಲೋಭವೂ ಕೃಶವಾಗುವುದು. ಉಪವಾಸವು ದೇಹವನ್ನು ಮಾತ್ರ ಬಳಲಿಸದೆ ಆಸೆಯನ್ನೂ ಬಳಲಿಸಿದಾಗಲೇ ಅದು ತಪಸ್ಸಾಗುತ್ತದೆ.