ಗೋಡೆಯಾಚೆಯ ಅಳತೆ

ಕಳೆದ ಬೇಸಿಗೆಯಲ್ಲಿ ತಮ್ಮ ಬಿಳಿಚೋಡಿನ ನಮ್ಮ ಮನೆಗೆ ಹೋಂ ಥಿಯೇಟರ್ ತಂದ. ಐದು ಸ್ಪೀಕರ್, ಒಂದು ಸಬ್‌ವೂಫರ್. ತಂದ ದಿನವೇ ಸಿನಿಮಾ ಹಾಕಲಿಲ್ಲ. ಮೊದಲು ಅಳತೆ ಆಗಬೇಕು ಅಂದ. ನಾವು ಕೂರುವ ಕುರ್ಚಿಯಲ್ಲಿ ಕಿವಿಯ ಎತ್ತರಕ್ಕೆ ಸದ್ದಿನ ಮೀಟರ್ ಇಟ್ಟ. ಒಂದೊಂದೇ ಸ್ಪೀಕರಿನಿಂದ ಜೋರು ಮಳೆ ಸುರಿದಂಥ ಪರೀಕ್ಷೆಯ ಸದ್ದು ಬಿಟ್ಟು, ಎಲ್ಲವೂ ಆ ಕುರ್ಚಿಯಲ್ಲಿ 75 ಡೆಸಿಬಲ್ ತೋರಿಸುವವರೆಗೆ ಏರಿಸಿ ಇಳಿಸಿದ. ಹತ್ತಿರದ ಸ್ಪೀಕರ್ ಅರಚಬಾರದು, ದೂರದ್ದು ಮಂಕಾಗಬಾರದು.

ಸಬ್‌ವೂಫರ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಸದ್ದಿನ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ನಮ್ಮ ಕೋಣೆಯ ಉದ್ದ 12 ಅಡಿ. ಸುಮಾರು 47 ಹರ್ಟ್ಜ್‌ನ ಸದ್ದಿನ ಅರ್ಧ ಅಲೆ ಆ ಎರಡು ಗೋಡೆಗಳ ನಡುವೆ ಅಳೆದಿಟ್ಟಂತೆ ಕೂರುತ್ತದೆ. ಗೋಡೆಯ ಬಳಿ ನಿಂತರೆ ಎದೆಗೆ ಗುದ್ದುತ್ತದೆ, ನಡುಮನೆಯಲ್ಲಿ ನಿಂತರೆ ಮಾಯವಾಗುತ್ತದೆ. ಇದಕ್ಕೊಂದು ಹಳೆಯ ಉಪಾಯವಿದೆ. ಸಬ್‌ವೂಫರನ್ನು ಕುರ್ಚಿಯ ಮೇಲಿಟ್ಟು ನಾವು ನೆಲದ ಮೇಲೆ ಅಂಬೆಗಾಲಿಡಬೇಕು. ಸದ್ದು ಎಲ್ಲಿ ಹದವಾಗಿ ಕೇಳುತ್ತದೋ ಅಲ್ಲಿಗೆ ಪೆಟ್ಟಿಗೆಯನ್ನು ತಂದಿಡಬೇಕು. ಮೂವತ್ತು ದಾಟಿದ ತಮ್ಮ ಅಂಬೆಗಾಲಿಟ್ಟು ಕೊನೆಗೆ ಹುಡುಕಿದ ಜಾಗ, ಪಕ್ಕದ ಮನೆಗೂ ನಮಗೂ ಸೇರಿದ ಗೋಡೆಯ ಮೂಲೆ.

ಆ ರಾತ್ರಿಯ ಸಿನಿಮಾ ಅದ್ಭುತವಾಗಿತ್ತು. ಬೆಳಿಗ್ಗೆ ಪಕ್ಕದ ಮನೆಯ ಅಜ್ಜಿ ಎಂದಿನಂತೆ ನಮ್ಮ ಬೋರಿನ ನೀರಿಗೆ ಕೊಡ ಹಿಡಿದು ಬಂದರು. ಕೊಡ ತುಂಬುವಾಗ ಸಹಜವಾಗಿ ಕೇಳಿದರು: "ಅಲ್ಲಪ್ಪಾ, ಅಷ್ಟೊತ್ನಲ್ಲಿ ಏನು ಕುಟ್ತಿದ್ರಿ?"

ನಮಗೆ ಮಳೆ, ಕುದುರೆ, ಪಿಟೀಲು, ಪಿಸುಮಾತು ಎಲ್ಲ ಕೇಳಿತ್ತು. ಗೋಡೆ ಅವನ್ನೆಲ್ಲ ತಡೆದು, ತನ್ನಿಂದ ತಡೆಯಲಾಗದ ಕೆಳಸ್ವರವನ್ನಷ್ಟೇ ಆಚೆಗೆ ಬಿಟ್ಟಿತ್ತು. ಕಥೆ ನಮಗೆ, ಕುಟ್ಟುವುದು ಅಜ್ಜಿಗೆ.

ನಾನು ತಪ್ಪು ಮಾಡಿದೆನೇ? ಮೊದಲು ಕಾನೂನನ್ನು ನೋಡಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45. ಆದರೆ ಇದು 'ಎ' ಮಾಪನದ ಲೆಕ್ಕ. ಮನುಷ್ಯರ ಕಿವಿ ಕೆಳಸ್ವರವನ್ನು ಕಡಿಮೆ ಕೇಳಿಸಿಕೊಳ್ಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದ್ದರು. ಅಂಥ ಅಳತೆಗಳ ಮೇಲೆಯೇ ನಿಂತ 'ಎ' ಮಾಪನ 50 ಹರ್ಟ್ಜ್ ಆಸುಪಾಸಿನ ಸದ್ದಿನಿಂದ ಸುಮಾರು 30 ಡೆಸಿಬಲ್ ಕಳೆದುಬಿಡುತ್ತದೆ. 75ರ ಗುದ್ದು ಕಾಗದದ ಮೇಲೆ 45 ಆಗುತ್ತದೆ. ನಾನು ನಿರಪರಾಧಿ!

ಆದರೆ ನಮ್ಮ ಕುರ್ಚಿಯನ್ನು ಅಳೆಯುವಾಗ ತಮ್ಮ ಮೀಟರನ್ನು 'ಸಿ' ಮಾಪನದಲ್ಲಿ ಇಟ್ಟಿದ್ದ. ಕೆಳಸ್ವರ ಪೂರ್ತಿ ಲೆಕ್ಕಕ್ಕೆ ಬರಲಿ ಎಂದೇ. ನಮ್ಮ ಸುಖವನ್ನು ಅಳೆಯಲು ಕೆಳಸ್ವರ ಬೇಕು, ಅಜ್ಜಿಯ ತೊಂದರೆಯನ್ನು ಅಳೆಯುವಾಗ ಅದು ಬೇಡ. ಎರಡೂ ಮಾಪನಗಳು ಅವುಗಳ ಕೆಲಸಕ್ಕೆ ಸರಿಯೇ. ತಮಗೆ ಬೇಕಾದಾಗ ಬೇಕಾದದ್ದನ್ನು ಎತ್ತಿಕೊಳ್ಳುವ ಕೈ ಸರಿಯಲ್ಲ. ಕೊಳ್ಳುವಾಗ ಒಂದು ಸೇರು, ಕೊಡುವಾಗ ಇನ್ನೊಂದು ಸೇರು ಇಟ್ಟುಕೊಂಡ ಅಂಗಡಿಯವನಿಗೆ ನಾವು ಏನು ಹೇಳುತ್ತೇವೆ?

ತಮ್ಮನ ವಾದವೂ ಸುಳ್ಳಲ್ಲ. "ಜಾತ್ರೆಯಲ್ಲಿ ಡೊಳ್ಳು ಇದರ ಹತ್ತರಷ್ಟು ಇರುತ್ತೆ. ಅಜ್ಜಿ ಮುಂದೆ ನಿಂತು ನೋಡ್ತಾರೆ." ನಿಜ. ಆದರೆ ಡೊಳ್ಳು ಏಕೆ ಬಾರಿಸುತ್ತಿದ್ದಾರೆ, ಯಾವಾಗ ನಿಲ್ಲುತ್ತದೆ ಎಂದು ಅಜ್ಜಿಗೆ ಗೊತ್ತು. ಆ ಸದ್ದಿನಲ್ಲಿ ಅವರಿಗೂ ಪಾಲಿದೆ. ನಮ್ಮ ಸದ್ದಿನಲ್ಲಿ ಅವರಿಗೆ ಬಂದದ್ದು ನಾವು ತಿಂದು ಎಸೆದ ಸಿಪ್ಪೆ ಮಾತ್ರ. ಹಾಗೆಂದು ಸದ್ದಿಲ್ಲದೆ ಬದುಕಲೂ ಆಗದು; ಗೋಡೆ ಹಂಚಿಕೊಂಡವರು ಕೂಸಿನ ಅಳು, ಮುದುಕರ ಕೆಮ್ಮು, ಒಗ್ಗರಣೆಯ ಘಾಟು ಎಲ್ಲವನ್ನೂ ಹಂಚಿಕೊಳ್ಳುತ್ತಾರೆ. ಅಜ್ಜಿ ನಿಶ್ಶಬ್ದವನ್ನು ಕೇಳಿರಲೂ ಇಲ್ಲ.

ಅವರು ಏನನ್ನೂ ಕೇಳಿರಲಿಲ್ಲ ಎನ್ನುವುದೇ ನನ್ನನ್ನು ಹೆಚ್ಚು ಕಾಡಿತು. ಸಿನಿಮಾ ಸದ್ದು ಎಂದು ತಿಳಿದ ಮೇಲೆ "ನಿಮ್ಮನೆ, ನಿಮ್ಮಿಷ್ಟ, ನೋಡ್ಕಳ್ರಪ್ಪ" ಅಂದು ಕೊಡ ಎತ್ತಿಕೊಂಡು ಹೋದರು. ಜಗಳೂರಿನ ಈ ಒಣಸೀಮೆಯಲ್ಲಿ ಬೇಸಿಗೆಯ ಒಂದು ಕೊಡ ನೀರಿನ ಬೆಲೆ ಗೊತ್ತಿದ್ದವರಿಗೆ ಆ ಮಾತಿನ ತೂಕವೂ ಗೊತ್ತಾಗುತ್ತದೆ. ದೂರು ಬಾರದಿದ್ದರೆ ತೊಂದರೆಯಿಲ್ಲ ಎಂದುಕೊಳ್ಳುವುದು ನಮ್ಮ ಅನುಕೂಲ. ಬಾಡಿಗೆದಾರ, ಆಳು, ಸಾಲಗಾರ, ನೀರಿಗೆ ಬರುವವರು, ಇವರ ಮೌನವನ್ನು ನಾವು ಸೊನ್ನೆ ಡೆಸಿಬಲ್ ಎಂದು ಬರೆದುಕೊಳ್ಳುತ್ತೇವೆ.

ನಮ್ಮ ಕಡೆ ಬಿತ್ತನೆಯ ಹದವನ್ನು ಯಾರೂ ಮನೆಯ ಕಟ್ಟೆಯ ಮೇಲೆ ಕೂತು ಹೇಳುವುದಿಲ್ಲ. ಹೊಲಕ್ಕೆ ಹೋಗಿ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾರೆ. ನಾನೂ ಅಜ್ಜಿಯ ಮನೆಗೆ ಹೋಗಿ ಅವರ ಮಂಚದ ಮೇಲೆ ಕೂತೆ. ತಮ್ಮ ಇತ್ತ ಅದೇ ಸಿನಿಮಾ ಹಾಕಿದ. ತಲೆದಿಂಬಿನ ಕಡೆಯ ಗೋಡೆಗೆ ಅಂಗೈ ಇಟ್ಟಾಗ ಗೋಡೆ ನಡುಗುತ್ತಿತ್ತು. ಗೂಡಿನಲ್ಲಿದ್ದ ಸ್ಟೀಲ್ ಲೋಟ ಸಣ್ಣಗೆ ಗಿಣಿಗುಟ್ಟುತ್ತಿತ್ತು. ಕಾನೂನಿನ ಮೀಟರಿಗೆ ದಕ್ಕದ್ದು ಆ ಲೋಟಕ್ಕೆ ದಕ್ಕಿತ್ತು.

ಸಬ್‌ವೂಫರ್ ಈಗ ಎದುರು ಗೋಡೆಯ ಕಡೆಗಿದೆ, ಕೆಳಗೆ ದಪ್ಪ ರಬ್ಬರ್ ಹಾಸಿದೆ. ಅದರ ಮಟ್ಟ ಇಳಿದಿದೆ. ಹತ್ತು ಗಂಟೆಯ ಮೇಲೆ ಅದನ್ನು ಆರಿಸುತ್ತೇವೆ. ನಮ್ಮ ಕುರ್ಚಿಯಲ್ಲಿ ಅಳತೆ ಈಗ ತಪ್ಪಿದೆ. ಗುಡುಗು ಗುಡುಗಿನಂತಿಲ್ಲ ಎಂದು ತಮ್ಮ ಆಗಾಗ ಗೊಣಗುತ್ತಾನೆ, ಅವನ ನಷ್ಟ ನಿಜವಾದದ್ದೇ.

ಮೊನ್ನೆ ಅಜ್ಜಿಯನ್ನು ಕೇಳಿದೆ, "ಈಗ ಸದ್ದು ಬರುತ್ತಾ ಅಜ್ಜಿ?"

"ಇಲ್ಲಪ್ಪ, ಏನೂ ಕೇಳ್ಸಲ್ಲ" ಅಂದರು, ತುಂಬುತ್ತಿದ್ದ ಕೊಡವನ್ನೇ ನೋಡುತ್ತಾ. ಅದು ಅವರ ಕಿವಿ ಕೊಟ್ಟ ಉತ್ತರವೋ, ನಮ್ಮ ನೀರು ಕೊಡಿಸಿದ ಉತ್ತರವೋ ನನಗೆ ತಿಳಿಯಲಿಲ್ಲ. ಅದಕ್ಕೇ ಈಗಲೂ ಆಗೀಗ ಆ ಮನೆಗೆ ಹೋಗಿ ಗೋಡೆಗೆ ಕೈ ಇಟ್ಟು ಬರುತ್ತೇನೆ.